ಒಂದು ಮರದ ತೆರೆಯ ಜಾಡಿನಲ್ಲಿ ಆರು ದಿನ

ಮೊದಲ ದಿನ, ಭಾನುವಾರ: ರೆಡಿಂಗ್

ಮಗಳ ಮನೆ ರೆಡಿಂಗ್ ಪಟ್ಟಣದಲ್ಲಿ ಆಕ್ಸ್‌ಫರ್ಡ್ ರಸ್ತೆಗೆ ಹತ್ತಿರ. ಕೊತ್ತಂಬರಿ ಸೊಪ್ಪಿನಿಂದ ನುಗ್ಗೆಕಾಯಿಯವರೆಗೆ ನಮಗೆ ಬೇಕಾದದ್ದೆಲ್ಲ ಆ ರಸ್ತೆಯ ಅಂಗಡಿಗಳಲ್ಲಿ ಸಿಗುವುದರಿಂದ ನಾನೂ ನನ್ನ ಹೆಂಡತಿಯೂ ದಿನಕ್ಕೊಮ್ಮೆಯಾದರೂ ಅಲ್ಲಿ ಓಡಾಡುತ್ತಿದ್ದೆವು. ದಾರಿಯಲ್ಲಿ ಎದುರಾಗುತ್ತಿದ್ದ ಹೋಲಿ ಟ್ರಿನಿಟಿ ಎಂಬ ಆಂಗ್ಲಿಕನ್ (ರೋಮಿನಿಂದ ಬೇರೆಯಾದ ಇಂಗ್ಲೆಂಡಿನ ಅಧಿಕೃತ ಸಭೆಯ) ಚರ್ಚನ್ನು ಮಾತ್ರ ನಾನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಹೊರಗಿನಿಂದ ಅದು ನಿಂತು ನೋಡಿಸಿಕೊಳ್ಳುವ ಕಟ್ಟಡವಲ್ಲ. ಈ ಭಾನುವಾರ ಬೆಳಿಗ್ಗೆ ಆರಾಧನೆ ಮುಗಿದು ಜನ ಹೊರಗೆ ಬರುತ್ತಿದ್ದರು, ಬಾಗಿಲು ತೆರೆದಿತ್ತು. ಸುಮ್ಮನೆ ಇಣುಕಿದವನು, ಕೈಯಲ್ಲಿ ತರಕಾರಿ ಚೀಲ ಹಿಡಿದುಕೊಂಡೇ, ಅರ್ಧ ಗಂಟೆ ಒಳಗೆ ನಿಂತುಬಿಟ್ಟೆ.

ಜನ ಕೂರುವ ಅಂಕಣ ಮುಗಿದು ಬಲಿಪೀಠದ ಅಂಕಣ ಆರಂಭವಾಗುವ ಕಡೆ ಎತ್ತರವಾದ ಮರದ ತೆರೆಯೊಂದು ಅಡ್ಡ ನಿಂತಿತ್ತು. ಅದರ ಕೆಳಭಾಗ ಗಟ್ಟಿ ಹಲಗೆ. ಮೇಲ್ಭಾಗದಲ್ಲಿ ಬೆರಳಿನಷ್ಟು ತೆಳುವಾಗಿ ಕಾಣುವ ಕಂಬಗಳು, ಅವುಗಳ ನೆತ್ತಿಯಲ್ಲಿ ಒಂದರೊಳಗೊಂದು ಹೆಣೆದುಕೊಂಡ ಚೂಪು ಕಮಾನುಗಳು. ಸೋಮನಾಥಪುರದಲ್ಲಿಯೂ ಬೇಲೂರಿನಲ್ಲಿಯೂ ಕಲ್ಲಿನ ಜಾಲಂಧ್ರಗಳನ್ನು ಕಂಡವರಿಗೆ ಇದರ ಉದ್ದೇಶವನ್ನು ವಿವರಿಸಬೇಕಾಗಿಲ್ಲ: ಒಳಗಿರುವುದು ಕಾಣಬೇಕು, ಆದರೆ ಪೂರ್ತಿ ಕಾಣಬಾರದು. ಇಂಗ್ಲಿಷಿನಲ್ಲಿ ಇದಕ್ಕೆ ರೂಡ್ ಸ್ಕ್ರೀನ್ ಎಂದು ಹೆಸರು. ರೂಡ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಶಿಲುಬೆ. ತೆರೆಯ ಮೇಲಿನ ತೊಲೆಯ ಮೇಲೆ ಶಿಲುಬೆಯನ್ನು ನಿಲ್ಲಿಸುವುದು ಮಧ್ಯಯುಗದ ಪದ್ಧತಿಯಾಗಿತ್ತು.

ಈ ತೆರೆ ಇಲ್ಲಿಗಾಗಿ ಮಾಡಿದ್ದಲ್ಲ. ಇದನ್ನು ರೂಪಿಸಿದವನು ಹತ್ತೊಂಬತ್ತನೆಯ ಶತಮಾನದ ವಾಸ್ತುಶಿಲ್ಪಿ ಆಗಸ್ಟಸ್ ವೆಲ್ಬಿ ನಾರ್ತ್‌ಮೋರ್ ಪ್ಯೂಜಿನ್, ಮಾಡಿಸಿದ್ದು ಬರ್ಮಿಂಗ್‌ಹ್ಯಾಮಿನ ಕ್ಯಾಥೊಲಿಕ್ ಪ್ರಧಾನ ದೇವಾಲಯಕ್ಕಾಗಿ (ಬಿಷಪ್ಪರ ಪೀಠವಿರುವ ಚರ್ಚು, ಕ್ಯಾಥೆಡ್ರಲ್). 1967ರಲ್ಲಿ ಅಲ್ಲಿಯವರು ಕಿತ್ತು ಹಾಕಿದಾಗ ಅದು ಈ ಆಂಗ್ಲಿಕನ್ ಚರ್ಚಿಗೆ ಬಂದು ಸೇರಿತು. ಆಂಗ್ಲಿಕನ್ ಸಭೆಯನ್ನು ತೊರೆದು ಕ್ಯಾಥೊಲಿಕನಾದವನು ಪ್ಯೂಜಿನ್. ಕ್ಯಾಥೊಲಿಕರು ಬೇಡವೆಂದು ತೆಗೆದುಹಾಕಿದ ಅವನ ತೆರೆಗೆ ಆಶ್ರಯ ಸಿಕ್ಕಿದ್ದು ಅವನು ಬಿಟ್ಟು ಬಂದ ಮನೆಯಲ್ಲಿ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೈದು ವರ್ಷ ಎಸ್ಟಿಮೇಟು, ಟೆಂಡರು, ಅಳತೆ ಪುಸ್ತಕಗಳ ನಡುವೆ ಬಾಳಿದ ನನಗೆ ಕಟ್ಟಡಗಳ ಹಣೆಬರಹ ತಿರುಗುವುದು ಹೊಸತಲ್ಲವಾದರೂ ಇಷ್ಟು ವಿಚಿತ್ರವಾಗಿ ತಿರುಗಿದ್ದನ್ನು ಕಂಡಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ, ಸ್ಕಾಟ್ಲೆಂಡಿಗೆ ಹೋಗಬೇಕೆಂದು ಮಗಳು ಹಾಕಿಕೊಟ್ಟಿದ್ದ ಯೋಜನೆಯನ್ನು ಬದಲಿಸುವ ಮಾತು ತೆಗೆದೆ. "ಅಪ್ಪ, ಸರೋವರ ನೋಡುವುದು ಬಿಟ್ಟು ಚರ್ಚು ನೋಡುತ್ತೀರಾ?" ಎಂದಳು. ಹೆಂಡತಿ ನನ್ನ ಪರ ನಿಂತಳು. ಸ್ಕಾಟ್ಲೆಂಡಿನ ಚಳಿಯ ಭಯವೇ ಅದಕ್ಕೆ ಕಾರಣವೆಂದು ನನ್ನ ಗುಮಾನಿ.

ಸಂಜೆ ಊರ ನಡುವಿನ ಹಾಳುಬಿದ್ದ ಮಠದ ಕಡೆ ನಡೆದೆವು. ದೊರೆ ಒಂದನೆಯ ಹೆನ್ರಿ 1121ರಲ್ಲಿ ಸ್ಥಾಪಿಸಿದ ಈ ಮಠವನ್ನು 1539ರಲ್ಲಿ ಎಂಟನೆಯ ಹೆನ್ರಿ ಮುಚ್ಚಿಸಿ, ಅದರ ಕೊನೆಯ ಮಠಾಧಿಪತಿಯನ್ನು ಗಲ್ಲಿಗೇರಿಸಿದ. ಹಾಳು ಗೋಡೆಗಳ ಮಗ್ಗುಲಲ್ಲಿಯೇ ಪ್ಯೂಜಿನ್ ರಚಿಸಿದ ಸೇಂಟ್ ಜೇಮ್ಸ್ ಚರ್ಚಿದೆ, 1840ರಲ್ಲಿ ತೆರೆದದ್ದು. ಚೂಪು ಕಮಾನಿನ ಹೊರತು ಬೇರೊಂದು ಕ್ರೈಸ್ತ ಶೈಲಿಯೇ ಇಲ್ಲವೆಂದು ಮುಂದೆ ಹಟ ಹಿಡಿದ ಮನುಷ್ಯ ಇಲ್ಲಿ, ಮಠದ ನಾರ್ಮನ್ ಗೋಡೆಗಳಿಗೆ ಹೊಂದುವಂತೆ, ಗುಂಡು ಕಮಾನನ್ನೇ ಇಟ್ಟಿದ್ದಾನೆ. ಪಕ್ಕದಲ್ಲಿ ಹಳೆಯ ರೆಡಿಂಗ್ ಜೈಲು. ಅದನ್ನು ರೂಪಿಸಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಆಮೇಲೆ ಇಂಗ್ಲೆಂಡಿನ ಅತ್ಯಂತ ದೊಡ್ಡ ಚರ್ಚು ವಾಸ್ತುಶಿಲ್ಪಿಗಳಲ್ಲಿ ಒಬ್ಬನಾದ. ತನ್ನನ್ನು ನಿದ್ದೆಯಿಂದ ಎಬ್ಬಿಸಿದ್ದು ಪ್ಯೂಜಿನ್ನನ ಬರಹಗಳೆಂದು ಅವನೇ ಬರೆದುಕೊಂಡಿದ್ದಾನೆ.

ಎರಡನೆಯ ದಿನ, ಸೋಮವಾರ: ಬರ್ಮಿಂಗ್‌ಹ್ಯಾಮ್

ರೆಡಿಂಗಿನಿಂದ ಬರ್ಮಿಂಗ್‌ಹ್ಯಾಮಿಗೆ ನೇರ ರೈಲಿದೆ. ದಾರಿಯುದ್ದಕ್ಕೂ ನಾನು ಪ್ಯೂಜಿನ್ನನ ಬಾಲ್ಯದ ಕಥೆಯನ್ನು ಹೆಂಡತಿಗೆ ಹೇಳುತ್ತ ಕುಳಿತೆ. ಅವನು 1812ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ತಂದೆ ಫ್ರಾನ್ಸಿನಿಂದ ವಲಸೆ ಬಂದ ನಕ್ಷೆಗಾರ. ಮನೆಯಲ್ಲಿಯೇ ಶಿಷ್ಯರನ್ನು ಇಟ್ಟುಕೊಂಡು ಚೂಪು ಕಮಾನಿನ ಹಳೆಯ ಗೋಥಿಕ್ ಕಟ್ಟಡಗಳನ್ನು ಅಳೆದು ಬರೆಯುವುದನ್ನು ಕಲಿಸುತ್ತಿದ್ದ. ಮಗ ಹದಿನೈದರ ಹರೆಯದಲ್ಲಿಯೇ ದೊರೆ ನಾಲ್ಕನೆಯ ಜಾರ್ಜನ ವಿಂಡ್ಸರ್ ಕೋಟೆಗೆ ಪೀಠೋಪಕರಣಗಳನ್ನು ರೂಪಿಸಿಕೊಟ್ಟ. ನಾಟಕಶಾಲೆಯಲ್ಲಿ ರಂಗಸಜ್ಜಿಕೆ ಮಾಡಿದ, ಸ್ವಂತ ಪೀಠೋಪಕರಣದ ವ್ಯಾಪಾರ ಹೂಡಿ ದಿವಾಳಿಯಾದ, ದೋಣಿ ಕೊಂಡು ಸ್ಕಾಟ್ಲೆಂಡಿನ ಲೀತ್ ಬಳಿ ಅದನ್ನು ಒಡೆದುಕೊಂಡು ಜೀವ ಉಳಿಸಿಕೊಂಡ. ಇಪ್ಪತ್ತೊಂದು ತುಂಬುವ ಮೊದಲೇ ಮದುವೆಯೂ ಆಗಿ, ಮೊದಲ ಹೆಂಡತಿ ಆನ್ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದಳು. ಮರು ವರ್ಷವೇ ಲೂಯಿಸಾಳನ್ನು ಮದುವೆಯಾದ.

ಕ್ಯಾಥೊಲಿಕರ ಮೇಲಿನ ಕಾನೂನಿನ ನಿರ್ಬಂಧಗಳಲ್ಲಿ ಬಹುಪಾಲು ತೆಗೆದದ್ದು 1829ರಲ್ಲಿ. ಅದರ ಬೆನ್ನಿಗೆ, 1835ರಲ್ಲಿ, ಪ್ಯೂಜಿನ್ ಕ್ಯಾಥೊಲಿಕನಾದ. ಮರುವರ್ಷ 'ಕಾಂಟ್ರಾಸ್ಟ್ಸ್' ಎಂಬ ಪುಸ್ತಕವನ್ನು ಪ್ರಕಟಿಸಿ, ಮಧ್ಯಯುಗದ ಕಟ್ಟಡಗಳನ್ನೂ ತನ್ನ ಕಾಲದ ಕಟ್ಟಡಗಳನ್ನೂ ಎದುರುಬದುರು ಚಿತ್ರಿಸಿ, ಹೊಸತನ್ನು ಲೇವಡಿ ಮಾಡಿದ. ಲೇವಡಿ ಮಾಡುವುದು ಸುಲಭ. ಅವನ ಅದೃಷ್ಟಕ್ಕೆ ಕಟ್ಟಿ ತೋರಿಸುವ ಅವಕಾಶವೂ ಬೇಗನೆ ಬಂತು.

ಸೇಂಟ್ ಚ್ಯಾಡ್ಸ್ ಪ್ರಧಾನ ದೇವಾಲಯ 1841ರಲ್ಲಿ ಪ್ರತಿಷ್ಠೆಯಾಯಿತು. ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಭೆ ರೋಮಿನಿಂದ ಬೇರೆಯಾದ ಧರ್ಮಸುಧಾರಣೆಯ ಕಾಲದ ನಂತರ ಇಂಗ್ಲೆಂಡಿನಲ್ಲಿ ಕಟ್ಟಿದ ಮೊದಲ ಕ್ಯಾಥೊಲಿಕ್ ಪ್ರಧಾನ ದೇವಾಲಯವೆಂಬ ಹೆಗ್ಗಳಿಕೆ ಅದರದು. ಕೆಂಪು ಇಟ್ಟಿಗೆಯ ಗೋಡೆ, ಮುಂಭಾಗದಲ್ಲಿ ಜೋಡಿ ಚೂಪು ಶಿಖರ; ಮೈಸೂರಿನ ಸಂತ ಫಿಲೋಮಿನಾ ಚರ್ಚನ್ನು ನೋಡುತ್ತ ಬೆಳೆದ ನನಗೆ ಜೋಡಿ ಶಿಖರ ಕಂಡೊಡನೆ ಪರಿಚಯದವರು ಎದುರಾದಂತಾಯಿತು. ಈಗ ಕಟ್ಟಡದ ಪಕ್ಕದಲ್ಲಿಯೇ ಅಗಲವಾದ ವರ್ತುಲ ರಸ್ತೆ ಹಾದುಹೋಗಿದೆ. ಎದುರಿಗಿದ್ದ, ಪ್ಯೂಜಿನ್ನನೇ ಕಟ್ಟಿದ ಬಿಷಪ್ಪರ ಮನೆಯನ್ನು ಆ ರಸ್ತೆಗಾಗಿಯೇ ಒಡೆದರು. ರಸ್ತೆ ಅಗಲ ಮಾಡುವ ಕಡತಗಳಿಗೆ ನಾನೂ ಸಹಿ ಹಾಕಿದವನಾದ್ದರಿಂದ ಈ ವಿಷಯದಲ್ಲಿ ಹೆಚ್ಚು ಮಾತನಾಡುವ ಹಕ್ಕು ನನಗಿಲ್ಲ.

ಒಳಗೆ ಕಂಬಗಳು ಹೊರಗಿನಿಂದ ಊಹಿಸಲಾಗದಷ್ಟು ಸಪೂರ, ಎತ್ತರ. ಕೈಯಲ್ಲಿ ಹಣ ಕಡಿಮೆ, ಎತ್ತರದ ಆಸೆ ಹೆಚ್ಚು ಎಂಬುದು ಕಟ್ಟುವ ಕಸುಬಿನವರಿಗೆ ನೋಡಿದೊಡನೆ ತಿಳಿಯುತ್ತದೆ. ಬಲಿಪೀಠದ ಮೇಲೆ ಏಳನೆಯ ಶತಮಾನದ ಸಂತ ಚ್ಯಾಡನ ಅಸ್ಥಿಗಳ ಪೆಟ್ಟಿಗೆ ಇದೆ. 1940ರ ನವೆಂಬರ್ 22ರಂದು ಬಾಂಬೊಂದು ಚಾವಣಿಯನ್ನು ಸೀಳಿಕೊಂಡು ಬಿದ್ದು, ಕಟ್ಟಡವನ್ನು ಬೆಚ್ಚಗಿಡುವ ನೀರಿನ ಕೊಳವೆಗಳನ್ನು ಒಡೆಯಿತಂತೆ. ಕೊಳವೆಯ ನೀರೇ ಬೆಂಕಿಯನ್ನು ಆರಿಸಿತು. ಚಾವಣಿಯ ದುರಸ್ತಿಯಾದ ಫಲಕದಲ್ಲಿ 'ದೇವರಿಗೆ ವಂದನೆ' ಎಂಬ ಅರ್ಥದ ಲ್ಯಾಟಿನ್ ಮಾತನ್ನೂ ಆ ದಿನಾಂಕವನ್ನೂ ಬರೆದಿದ್ದಾರೆ.

ನಾನು ಬಂದದ್ದು ತೆರೆ ಇದ್ದ ಜಾಗವನ್ನು ನೋಡಲು. ಅಲ್ಲಿ ಈಗ ಏನೂ ಇಲ್ಲ; ಬಾಗಿಲಿನಿಂದಲೇ ಬಲಿಪೀಠ ಕಾಣುತ್ತದೆ. ಕಟ್ಟುವಾಗಲೇ ಈ ತೆರೆಯ ಮೇಲೆ ಜಗಳವಾಗಿತ್ತು. ಜನರ ಕಣ್ಣಿಗೂ ಬಲಿಪೂಜೆಗೂ ನಡುವೆ ಅಡ್ಡಿ ಬೇಡವೆಂದು ಬಿಷಪ್ ವೈಸ್‌ಮನ್ ಹೇಳಿದಾಗ, ತೆರೆ ಇಲ್ಲದಿದ್ದರೆ ತಾನೂ ಇಲ್ಲವೆಂದು ಪ್ಯೂಜಿನ್ ರಾಜೀನಾಮೆಗೆ ಸಿದ್ಧನಾದ, ಹಿರಿಯ ಬಿಷಪ್ ವಾಲ್ಶ್ ಅವನ ಪರ ನಿಂತುದರಿಂದ ಉಳಿಯಿತು. 1960ರ ದಶಕದಲ್ಲಿ ಕ್ಯಾಥೊಲಿಕ್ ಬಿಷಪ್ಪರ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜಾವಿಧಿಯೇ ಬದಲಾಗಿ, ವೈಸ್‌ಮನ್ ಹೇಳಿದ್ದೇ ಎಲ್ಲೆಡೆ ನಡೆಯಿತು. ಹೆಂಡತಿಯನ್ನು ಕೇಳಿದೆ. "ಮಂಗಳಾರತಿಯ ಹೊತ್ತಿಗೆ ತೆರೆ ಸರಿಸದಿದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ ಹೇಳಿ" ಎಂದಳು. ಅವಳ ತೀರ್ಪು ವೈಸ್‌ಮನ್ನನ ಪರ.

ಲೂಯಿಸಾಳ ಸಮಾಧಿ ಇಲ್ಲಿಯ ನೆಲಮಾಳಿಗೆಯಲ್ಲಿದೆ. ಅವಳು ತೀರಿಕೊಂಡದ್ದು 1844ರಲ್ಲಿ.

ಮೂರನೆಯ ದಿನ, ಮಂಗಳವಾರ: ಚೀಡಲ್

ಬರ್ಮಿಂಗ್‌ಹ್ಯಾಮಿನಿಂದ ಸ್ಟೋಕ್-ಆನ್-ಟ್ರೆಂಟಿಗೆ ರೈಲು, ಅಲ್ಲಿಂದ ಚೀಡಲ್‌ಗೆ ಬಸ್ಸು. ನಮ್ಮ ಕಣ್ಣೆದುರೇ ಒಂದು ಬಸ್ಸು ಹೊರಟುಹೋಗಿ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾಯಿತು. ಬುತ್ತಿಯಲ್ಲಿದ್ದ ಚಪಾತಿಯೂ ಚಟ್ನಿಪುಡಿಯೂ ನಿಲ್ದಾಣದ ಬೆಂಚಿನ ಮೇಲೆಯೇ ಖಾಲಿಯಾದವು. ಸ್ಟೋಕ್ ಪಿಂಗಾಣಿಯ ಊರು. ಪ್ಯೂಜಿನ್ನನಿಗೆ ನೆಲದ ಬಿಲ್ಲೆಗಳನ್ನು ಮಾಡಿಕೊಟ್ಟ ಹರ್ಬರ್ಟ್ ಮಿಂಟನ್ ಇಲ್ಲಿಯವನು.

ಬಸ್ಸು ಚೀಡಲ್ ಸಮೀಪಿಸುವ ಮೊದಲೇ ಪ್ಯೂಜಿನ್ನನ ಸೇಂಟ್ ಜೈಲ್ಸ್ ಚರ್ಚಿನ ಶಿಖರ ಕಾಣಿಸಿತು. 200 ಅಡಿಯ ಆ ಮರಳುಗಲ್ಲಿನ ಸೂಜಿ ಸಣ್ಣ ಊರಿನ ಮನೆಗಳ ನಡುವೆ ಎದ್ದು ನಿಂತಿರುವುದನ್ನು ನೋಡಿದರೆ, ಊರಿಗಾಗಿ ಚರ್ಚನ್ನು ಕಟ್ಟಿದರೋ ಚರ್ಚಿಗಾಗಿ ಊರನ್ನೋ ಎಂಬ ಅನುಮಾನ ಬರುತ್ತದೆ. ಹಣ ಕೊಟ್ಟವನು ಶ್ರೂಸ್‌ಬರಿಯ ಹದಿನಾರನೆಯ ಅರ್ಲ್ (ಶ್ರೀಮಂತ ಮನೆತನದ ಪದವಿ), ಕ್ಯಾಥೊಲಿಕನಾದ ಜಾನ್ ಟಾಲ್ಬಟ್. ಕಲ್ಲು ಅವನದೇ ಗಣಿಯದು, ಮರವೂ ಅವನದೇ ಜಮೀನಿನದು. ಮೊದಲ ಅಂದಾಜು ಸಾಧಾರಣವಾಗಿಯೇ ಇತ್ತು. ಆಮೇಲೆ ಪ್ಯೂಜಿನ್ನನ ಒಂದೊಂದು ಪತ್ರಕ್ಕೂ ವೆಚ್ಚ ಏರುತ್ತ ಹೋಗಿ ಮೂಲ ಎಸ್ಟಿಮೇಟಿನ ಹಲವು ಪಟ್ಟಾಯಿತು. 1844ರಲ್ಲಿ ಅವನು ಪ್ಯಾರಿಸ್ಸಿಗೆ ಹೋಗಿ, ಜೀರ್ಣೋದ್ಧಾರ ನಡೆಯುತ್ತಿದ್ದ ಸೇಂತ್ ಶಪೆಲ್ ಗುಡಿಯ ಬಣ್ಣಗಳನ್ನು ನೋಡಿ ಬಂದ ಮೇಲಂತೂ ಚೀಡಲಿನ ಒಂದು ಗೇಣು ಗೋಡೆಯನ್ನೂ ಖಾಲಿ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಇಂಥ ಹೆಚ್ಚುವರಿ ಕೆಲಸಕ್ಕೆ ನನ್ನ ಸೇವೆಯಲ್ಲಾಗಿದ್ದರೆ ಆಡಿಟ್ ಆಕ್ಷೇಪಣೆ ಖಂಡಿತ ಬರುತ್ತಿತ್ತು.

ಪಶ್ಚಿಮದ ಹೆಬ್ಬಾಗಿಲಿನ ಮುಂದೆ ಇಬ್ಬರೂ ನಿಂತೆವು. ಎರಡು ಕದ, ಎರಡಕ್ಕೂ ಕಡುಗೆಂಪು ಬಣ್ಣ, ಒಂದೊಂದರ ಮೇಲೂ ಹಿಂಗಾಲ ಮೇಲೆ ಎದ್ದು ನಿಂತ ಚಿನ್ನದ ಬಣ್ಣದ ದೊಡ್ಡ ಸಿಂಹ. ಟಾಲ್ಬಟ್ ಮನೆತನದ ಲಾಂಛನ. ಹೊಯ್ಸಳ ಲಾಂಛನದ ಊರುಗಳಿಂದ ಬಂದವರಿಗೆ ಸಿಂಹ ಹೊಸತಲ್ಲ, ಆದರೆ ಇಷ್ಟು ನಿಸ್ಸಂಕೋಚವಾಗಿ ದಾನಿಯ ಗುರುತನ್ನು ದೇವರ ಬಾಗಿಲಿಗೇ ಬಡಿದಿರುವುದು ನನಗೆ ಸ್ವಲ್ಪ ಅತಿಯೆನಿಸಿತು. ಹೆಂಡತಿಗೆ ಹಾಗೆ ಅನ್ನಿಸಲಿಲ್ಲ. ಅವಳು ಬಾಗಿಲನ್ನು ಮುಟ್ಟಿ ನೋಡಿದಳು.

ಒಳಗೆ ಕಾಲಿಟ್ಟಾಗ ಮೊದಲು ಬರೀ ಕತ್ತಲು. ಕಣ್ಣು ಹೊಂದಿಕೊಳ್ಳುತ್ತಿದ್ದಂತೆ ಕೆಂಪು, ನೀಲಿ, ಹಸಿರು, ಚಿನ್ನ ಒಂದೊಂದಾಗಿ ಗೋಡೆಯಿಂದ ಹೊರಬಂದವು. ಕಂಬಗಳ ಮೇಲೆ ಅಂಕುಡೊಂಕು ಪಟ್ಟಿ, ಗೋಡೆಯ ಮೇಲೆ ಅಚ್ಚಿಟ್ಟು ಬರೆದ ಹೂಗಳ ಸಾಲು, ಚಾವಣಿಯ ತೊಲೆಗಳ ಮೇಲೂ ಚಿತ್ತಾರ, ಬಲಿಪೀಠದ ಕಮಾನಿನ ನೆತ್ತಿಯಲ್ಲಿ ಅಂತಿಮ ತೀರ್ಪಿನ ದೃಶ್ಯ. ಕಮಾನಿನ ಕೆಳಗೆ, ಪ್ಯೂಜಿನ್ ಇಟ್ಟ ಜಾಗದಲ್ಲಿಯೇ, ತೆರೆ! ಅದರ ಮೇಲೆ ಶಿಲುಬೆ, ಅಕ್ಕಪಕ್ಕದಲ್ಲಿ ಮಾತೆ ಮರಿಯಳು ಮತ್ತು ಸಂತ ಯೊವಾನ್ನ. ರೆಡಿಂಗಿನಲ್ಲಿ ತೆರೆಯನ್ನು ಕಂಡಿದ್ದೆ, ಬರ್ಮಿಂಗ್‌ಹ್ಯಾಮಿನಲ್ಲಿ ತೆರೆ ಇಲ್ಲದ ಕಮಾನನ್ನು ಕಂಡಿದ್ದೆ. ಎರಡೂ ಒಟ್ಟಿಗೆ ಇದ್ದಾಗ ಏನಾಗುತ್ತದೆಂಬುದು ಅರ್ಥವಾದದ್ದು ಇಲ್ಲಿ. ಕುಳಿತ ಜಾಗದಿಂದ ಬಲಿಪೀಠ ತುಂಡುತುಂಡಾಗಿ ಕಾಣುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಒಂದು ಮೇಣದ ಬತ್ತಿ ಮರೆಯಾಗಿ ಇನ್ನೊಂದು ಇಣುಕುತ್ತದೆ, ನಡೆಯುತ್ತ ಹತ್ತಿರ ಹೋದಂತೆ ತುಂಡುಗಳು ಸೇರಿಕೊಳ್ಳುತ್ತವೆ. ಆಳವಿಲ್ಲದ ಕಟ್ಟಡಕ್ಕೆ ಆಳ ಬರುವುದು ಹೀಗೆ. ನವರಂಗದ ಕತ್ತಲಿನಲ್ಲಿ ನಿಂತು ಗರ್ಭಗುಡಿಯ ಹಣತೆಯನ್ನು ನೋಡಿದವರಿಗೆ ಈ ಲೆಕ್ಕ ಗೊತ್ತು. ಹೆಂಡತಿಯೂ ತೀರ್ಪನ್ನು ಅರ್ಧ ತಿದ್ದಿಕೊಂಡು, "ಇಲ್ಲಿ ಇರಲಿ ಬಿಡಿ" ಎಂದಳು.

ನನ್ನ ಕಸುಬಿಗೆ ತಕ್ಕಂತೆ ನಾನು ನೆಲದ ಮೇಲೆ ಕುಳಿತು ಬಿಲ್ಲೆಗಳನ್ನು ನೋಡಿದೆ. ಇವುಗಳ ಚಿತ್ರ ಮೇಲೆ ಬಳಿದ ಬಣ್ಣವಲ್ಲ, ಮಣ್ಣಿನೊಳಗೇ ಕೂರಿಸಿದ್ದು. ಉಬ್ಬು ಚಿತ್ತಾರವಿರುವ ಅಚ್ಚಿಗೆ ಹಸಿ ಜೇಡಿಮಣ್ಣನ್ನು ಒತ್ತಿದರೆ ಬಿಲ್ಲೆಯ ಮೇಲೆ ಚಿತ್ರ ತಗ್ಗಾಗಿ ಮೂಡುತ್ತದೆ. ಆ ತಗ್ಗಿಗೆ ಬೇರೆ ಬಣ್ಣದ ಮಣ್ಣಿನ ಗಂಜಿಯನ್ನು ತುಂಬಿ, ಆರಿದ ಮೇಲೆ ಹೆರೆದು ಸಮ ಮಾಡಿ, ಆಮೇಲೆ ಸುಡುತ್ತಾರೆ. ಎರಡು ಮಣ್ಣೂ ಆರುವಾಗ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಚಿತ್ರ ಬಿರುಕು ಬಿಟ್ಟು ಎದ್ದುಬರುತ್ತದೆ. ಮಧ್ಯಯುಗದ ಮಠಗಳಲ್ಲಿ ಬಳಕೆಯಲ್ಲಿದ್ದು ಮರೆತುಹೋಗಿದ್ದ ಈ ವಿದ್ಯೆಯನ್ನು ಮಿಂಟನ್ ಮತ್ತೆ ಕೈಗೆ ತಂದುಕೊಂಡ. ಚಿತ್ರ ಒಳಗೇ ಇಳಿದಿರುವುದರಿಂದ ಬಿಲ್ಲೆ ಸವೆದರೂ ಬೇಗ ಅಳಿಯುವುದಿಲ್ಲ: ನಡುದಾರಿಯಲ್ಲಿ ನೂರೆಂಬತ್ತು ವರ್ಷದ ಓಡಾಟಕ್ಕೆ ಅಂಚು ಮೊಂಡಾದ ಬಿಲ್ಲೆಗಳಲ್ಲಿಯೂ ಹೂ ಹಾಗೆಯೇ ಇತ್ತು.

ಮಿಂಟನ್ ಒಬ್ಬನೇ ಅಲ್ಲ. ಬರ್ಮಿಂಗ್‌ಹ್ಯಾಮಿನಲ್ಲಿ ಗುಂಡಿ ಮಾಡುವ ಮನೆತನದ ಜಾನ್ ಹಾರ್ಡ್‌ಮನ್ ಪ್ಯೂಜಿನ್ನನ ಒತ್ತಾಸೆಯಿಂದ ದೀಪ, ಪೂಜಾಪಾತ್ರೆ, ಹಿತ್ತಾಳೆಯ ಜಾಲರಿಗಳ ಕೆಲಸಕ್ಕೆ ಇಳಿದು, ಬಳಿಕ ಬಣ್ಣದ ಗಾಜಿಗೂ ಕೈಹಾಕಿದ. ಕಟ್ಟುವ ಗುತ್ತಿಗೆದಾರ ಜಾರ್ಜ್ ಮೈಯರ್ಸ್, ಹಲ್ ಪಟ್ಟಣದ ಕಲ್ಲುಕುಟಿಗ. ಬೆವರ್ಲಿಯ ದೊಡ್ಡ ಚರ್ಚಿನಲ್ಲಿ ಅಳತೆ ತೆಗೆಯುತ್ತಿದ್ದ ಯುವಕ ಪ್ಯೂಜಿನ್ನನಿಗೆ ನೆರವಾಗಿದ್ದವನು. ವರ್ಷಗಳ ಬಳಿಕ ಟೆಂಡರು ಹಾಕಲು ಬಂದವನನ್ನು ಗುರುತಿಸಿ ಪ್ಯೂಜಿನ್ ತಬ್ಬಿಕೊಂಡನಂತೆ. ಇಂಥ ನಾಲ್ಕಾರು ಜನರನ್ನು ನಂಬಿ, ಕಚೇರಿಯಿಲ್ಲದೆ, ಗುಮಾಸ್ತರಿಲ್ಲದೆ, ಎಲ್ಲ ನಕ್ಷೆಗಳನ್ನೂ ತಾನೇ ಬರೆದ. ಗುಮಾಸ್ತನನ್ನು ಇಟ್ಟುಕೊಳ್ಳಬಾರದೇ ಎಂದು ಕೇಳಿದವರಿಗೆ, ಇಟ್ಟುಕೊಂಡರೆ ಒಂದು ವಾರದಲ್ಲಿ ಅವನನ್ನು ಕೊಂದುಬಿಟ್ಟೇನು ಎಂದಿದ್ದ. ಒಂದು ಹಂತದ ಮಟ್ಟಿಗೆ ಇದು ಹೊಗಳಿಕೆಯ ವಿಷಯ. ಅದರಾಚೆಗೆ ಅದು ರೋಗವೇ.

ಚರ್ಚು ತೆರೆದದ್ದು 1846ರ ಸೆಪ್ಟೆಂಬರ್ 1ರಂದು, ಸಂತ ಜೈಲ್ಸನ ಹಬ್ಬದ ದಿನ. ಆಂಗ್ಲಿಕನ್ ಸಭೆಯನ್ನು ಬಿಟ್ಟು ಆಗಷ್ಟೇ ಕ್ಯಾಥೊಲಿಕನಾಗಿದ್ದ, ಪ್ಯೂಜಿನ್ನನ ತೆರೆಗಳನ್ನು ಅಷ್ಟಾಗಿ ಮೆಚ್ಚದ ಧರ್ಮಪಂಡಿತ ಜಾನ್ ಹೆನ್ರಿ ನ್ಯೂಮನ್ನನೂ ಆ ವರ್ಷ ಚೀಡಲನ್ನು ನೋಡಿ, ತಾನು ಕಂಡ ಕಟ್ಟಡಗಳಲ್ಲೆಲ್ಲ ಅತ್ಯಂತ ವೈಭವದ್ದು ಇದೆಂದು ಬರೆದ. ಹಿತ್ತಾಳೆಯ ಬಾಗಿಲುಗಳಾಚೆಗಿನ ಪರಮಪ್ರಸಾದದ ಗುಡಿಯನ್ನು ಹೊಕ್ಕಾಗ 'ಸ್ವರ್ಗದ ಬಾಗಿಲು' ಎಂಬ ಮಾತು ಅವನ ಮನಸ್ಸಿಗೆ ಬಂತಂತೆ. ಪ್ಯೂಜಿನ್ನನಿಗೋ, ಬೇರೆ ಕಡೆ ತನ್ನ ನಕ್ಷೆಗಳನ್ನು ಕತ್ತರಿಸಿದಾಗಲೆಲ್ಲ 'ಪರಿಪೂರ್ಣ ಚೀಡಲ್' ಎಂದು ನೆನೆದು ಸಮಾಧಾನ ಮಾಡಿಕೊಳ್ಳುವುದು ಅಭ್ಯಾಸವಾಗಿತ್ತು.

ನಾಲ್ಕನೆಯ ದಿನ, ಬುಧವಾರ: ಆಲ್ಟನ್

ಬೆಳಿಗ್ಗೆಯಿಂದ ಮಳೆ. ಚೀಡಲಿನಿಂದ ಕೆಲವೇ ಮೈಲಿಯ ಆಲ್ಟನ್ ಹಳ್ಳಿಯಲ್ಲಿ ಅರ್ಲನಿಗಾಗಿ ಪ್ಯೂಜಿನ್ ಕಟ್ಟಿದ ಧರ್ಮಶಾಲೆಯನ್ನೂ ಬಂಡೆಯ ಮೇಲಿನ ಕೋಟೆಯಂಥ ಕಟ್ಟಡವನ್ನೂ ಕೊಡೆ ಹಿಡಿದು ಹೊರಗಿನಿಂದ ನೋಡಿದೆವು. ಅರ್ಲನ ಬಂಗಲೆ ಆಲ್ಟನ್ ಟವರ್ಸ್ ಇಂದು ಹೆಸರುವಾಸಿಯಾದ ಆಟದ ಉದ್ಯಾನ; ಬಸ್ಸಿನಲ್ಲಿದ್ದ ಹುಡುಗರೆಲ್ಲ ಅಲ್ಲಿಯ ರೋಲರ್ ಕೋಸ್ಟರಿಗೆ ಹೊರಟವರು. ಅರ್ಲ್ ಜಾನ್ 1852ರಲ್ಲಿ ತೀರಿಕೊಂಡ, ಅದೂ ಪ್ಯೂಜಿನ್ ಸತ್ತ ಎರಡೇ ತಿಂಗಳಿಗೆ. ನಾಲ್ಕು ವರ್ಷದಲ್ಲಿ ಮನೆತನದ ಕ್ಯಾಥೊಲಿಕ್ ಶಾಖೆಯೇ ಮುಗಿದು ಆಸ್ತಿ ಬೇರೆಯವರ ಪಾಲಾಯಿತು. ರಾತ್ರಿಯ ಹೊತ್ತಿಗೆ ಲಂಡನ್ನು.

ಐದನೆಯ ದಿನ, ಗುರುವಾರ: ಲಂಡನ್

ಪಾರ್ಲಿಮೆಂಟಿನ ಗಡಿಯಾರ ಗೋಪುರದ ಮುಂದೆ ಎಲ್ಲರಂತೆ ನಾವೂ ಫೋಟೊ ತೆಗೆಸಿಕೊಂಡೆವು. 1834ರ ಅಕ್ಟೋಬರ್ 16ರಂದು ಹಳೆಯ ಅರಮನೆ ಸುಟ್ಟುಹೋದ ಮೇಲೆ ಹೊಸ ಕಟ್ಟಡದ ಸ್ಪರ್ಧೆಯಲ್ಲಿ ಗೆದ್ದವನು ಚಾರ್ಲ್ಸ್ ಬ್ಯಾರಿ. ಸ್ಪರ್ಧೆಯ ನಕ್ಷೆಗಳನ್ನು ಬರೆದುಕೊಟ್ಟವನು, ಆಮೇಲೆ ಸಿಂಹಾಸನದಿಂದ ಮಸಿಕುಡಿಕೆಯವರೆಗೆ ಒಳಗಿನ ಅಲಂಕಾರವನ್ನೆಲ್ಲ ರೂಪಿಸಿದವನು ಪ್ಯೂಜಿನ್. ಕಟ್ಟಡದ ಯೋಜನೆ ಬ್ಯಾರಿಯದು, ಮೈಮೇಲಿನ ಒಡವೆ ಪ್ಯೂಜಿನ್ನನದು ಎಂದರೆ ಇಬ್ಬರಿಗೂ ಅನ್ಯಾಯವಾಗಲಾರದು. ಅವರು ತಮ್ಮೊಳಗೆ ಜಗಳವಾಡಲಿಲ್ಲ. ಯಾರದು ಎಷ್ಟು ಎಂಬ ಜಗಳ ಎದ್ದದ್ದು 1867ರಲ್ಲಿ, ಪ್ಯೂಜಿನ್ನನ ಮಗ ಎಡ್ವರ್ಡ್ ತಂದೆಯ ಪರವಾಗಿ ಕಿರುಹೊತ್ತಗೆಯೊಂದನ್ನು ಅಚ್ಚುಹಾಕಿಸಿದಾಗ. ಗಡಿಯಾರ ಗೋಪುರದ ನಕ್ಷೆ 1852ರ ಆರಂಭದ್ದು. ಬ್ಯಾರಿಯವರಿಗಾಗಿ ಜೀವಮಾನದಲ್ಲಿಯೇ ಇಷ್ಟು ದುಡಿದಿರಲಿಲ್ಲ, ಗೋಪುರ ಸುಂದರವಾಗಿದೆ ಎಂದು ಹಾರ್ಡ್‌ಮನ್ನನಿಗೆ ಬರೆದ. ಅದು ಪೂರ್ತಿಯಾಗುವುದನ್ನು ನೋಡಲು ಅವನು ಉಳಿಯಲಿಲ್ಲ.

ಅಲ್ಲಿಂದ ಥೇಮ್ಸ್ ನದಿಯನ್ನು ದಾಟಿ ದಕ್ಷಿಣಕ್ಕೆ ಅರ್ಧ ಗಂಟೆಯೊಳಗಿನ ನಡಿಗೆ ಸೇಂಟ್ ಜಾರ್ಜ್ ಪ್ರಧಾನ ದೇವಾಲಯ. 1780ರಲ್ಲಿ ಕ್ಯಾಥೊಲಿಕರ ವಿರುದ್ಧ ದೊಂಬಿಯೆದ್ದವರು ಗುಂಪುಗೂಡಿದ ಬಯಲಿನಲ್ಲಿಯೇ 1848ರಲ್ಲಿ ಪ್ಯೂಜಿನ್ನನ ಚರ್ಚು ತೆರೆಯಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಅಲ್ಲಿ ನಡೆದ ಮೊದಲ ಮದುವೆ ಅವನದೇ, ಮೂರನೆಯ ಹೆಂಡತಿ ಜೇನ್ ನಿಲ್ ಜೊತೆ. ಗೋಪುರದ ಮೇಲೆ ಬರಬೇಕಿದ್ದ ಶಿಖರ ಹಣವಿಲ್ಲದೆ ಬರಲೇ ಇಲ್ಲ. 1941ರ ಏಪ್ರಿಲಿನಲ್ಲಿ ಬಾಂಬಿನ ಬೆಂಕಿಗೆ ಚರ್ಚು ಸುಟ್ಟಿತು. 1958ರಲ್ಲಿ ಮತ್ತೆ ತೆರೆದ ಕಟ್ಟಡದಲ್ಲಿ ಹೊರಗೋಡೆಗಳ ಮಟ್ಟಿಗೆ ಅವನು ಕಾಣುತ್ತಾನೆ, ಒಳಗೆ ಬೇರೆಯವರ ಕೈ.

ಹೊರಗೆ ಬಂದು ರಸ್ತೆಯ ಓರೆಗೆ ನೋಡಿದರೆ ಗುಮ್ಮಟವಿರುವ ದೊಡ್ಡ ಕಟ್ಟಡ, ಅದರ ಮುಂದೆ ಹಡಗಿನಿಂದ ಇಳಿಸಿದ ಎರಡು ಭಾರಿ ಫಿರಂಗಿಗಳು. ಇಂದು ಅದು ಇಂಪೀರಿಯಲ್ ಯುದ್ಧ ವಸ್ತುಸಂಗ್ರಹಾಲಯ. ಅಂದು ಬೆತ್ಲೆಮ್ ಮಾನಸಿಕ ಆಸ್ಪತ್ರೆ. ತಾನೇ ಕಟ್ಟಿದ ಚರ್ಚಿನಲ್ಲಿ ಮದುವೆಯಾದ ನಾಲ್ಕು ವರ್ಷಕ್ಕೆ, 1852ರ ಜೂನ್‌ನಲ್ಲಿ, ಬುದ್ಧಿಭ್ರಮಣೆಯಾದ ಪ್ಯೂಜಿನ್ನನನ್ನು ಅದೇ ಚರ್ಚಿನ ಎದುರಿನ ಈ ಆಸ್ಪತ್ರೆಗೆ ಸೇರಿಸಿದರು. ಕೆಲವು ವಾರಗಳ ಬಳಿಕ ಜೇನ್ ಅವನನ್ನು ಬಿಡಿಸಿಕೊಂಡು ಹ್ಯಾಮರ್‌ಸ್ಮಿತ್‌ನ ಒಂದು ಮನೆಯಲ್ಲಿಟ್ಟು ಶುಶ್ರೂಷೆ ಮಾಡಿದಳು. ಸ್ವಲ್ಪ ಚೇತರಿಸಿಕೊಂಡವನನ್ನು ಸೆಪ್ಟೆಂಬರಿನಲ್ಲಿ ರ‍್ಯಾಮ್ಸ್‌ಗೇಟಿನ ಮನೆಗೆ ಕರೆದೊಯ್ದಳು. ಸಂಗ್ರಹಾಲಯದ ಮುಂದಿನ ಹುಲ್ಲಿನ ಮೇಲೆ ಮಕ್ಕಳು ಚೆಂಡಾಡುತ್ತಿದ್ದರು. ಒಳಗೆ ಹೋಗೋಣವೇ ಎಂದು ನಾನು ಕೇಳಿದ್ದಕ್ಕೆ ಹೆಂಡತಿ ಬೇಡವೆಂದಳು.

ಆರನೆಯ ದಿನ, ಶುಕ್ರವಾರ: ರ‍್ಯಾಮ್ಸ್‌ಗೇಟ್

ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ವೇಗದ ರೈಲು. ನಿಲ್ದಾಣದ ಮುಂದಿನ ಗೋಥಿಕ್ ಹೋಟೆಲು ರೆಡಿಂಗ್ ಜೈಲಿನ ಅದೇ ಸ್ಕಾಟನದು ಎಂಬುದನ್ನು ಹೆಂಡತಿಗೆ ತೋರಿಸಿದೆ. "ಜೈಲೇ ವಾಸಿ" ಎಂದಳು, ಹೋಟ್ಲಿನ ಬಾಡಿಗೆಯನ್ನು ಮಗಳಿಂದ ಕೇಳಿ ತಿಳಿದಿದ್ದವಳು.

ರ‍್ಯಾಮ್ಸ್‌ಗೇಟಿನ ಪಶ್ಚಿಮದ ಕಡಿದಾದ ದಂಡೆಯ ಮೇಲೆ 1843ರಲ್ಲಿ ಜಾಗ ಕೊಂಡು ಪ್ಯೂಜಿನ್ ತನ್ನ ಮನೆ 'ದಿ ಗ್ರೇಂಜ್' ಕಟ್ಟಿಕೊಂಡ. 597ರಲ್ಲಿ ಇಂಗ್ಲೆಂಡಿಗೆ ಕ್ರೈಸ್ತಧರ್ಮವನ್ನು ತಂದ ಸಂತ ಅಗಸ್ಟಿನ್ ದಡ ಸೇರಿದ್ದು ಇಲ್ಲಿಗೆ ಹತ್ತಿರವೆಂಬುದೂ ಸಮುದ್ರದ ಹುಚ್ಚೂ ಅವನನ್ನು ಇಲ್ಲಿಗೆ ಎಳೆದವು. ಬದುಕಲು ಯೋಗ್ಯವಾದ ಕಾರಣಗಳು ಎರಡೇ, ಕ್ರೈಸ್ತ ವಾಸ್ತುಶಿಲ್ಪ ಮತ್ತು ಒಂದು ದೋಣಿ ಎಂದು ಹೇಳುತ್ತಿದ್ದನಂತೆ. ಮನೆ ಸರಳವಾದ ಇಟ್ಟಿಗೆಯದು. ಒಳಗೆ ಯಾವ ಕೋಣೆಗೆ ಎಷ್ಟು ಬೆಳಕು ಬೇಕೋ ಅಷ್ಟು ದೊಡ್ಡ ಕಿಟಕಿ, ಯಾವ ಜಾಗದಲ್ಲಿ ಬೇಕೋ ಅಲ್ಲಿ. ಹೊರಗಿನ ಮುಖ ಒಳಗಿನ ಬದುಕಿನಿಂದ ತಾನಾಗಿ ಮೂಡಬೇಕು, ಸಮರೂಪಕ್ಕಾಗಿ ಸುಳ್ಳು ಕಿಟಕಿ ಇಡಬಾರದು ಎಂಬುದು ಅವನ ಸೂತ್ರ. ಉಪಯೋಗ, ರಚನೆ, ಔಚಿತ್ಯ ಈ ಮೂರಕ್ಕೆ ಬೇಡದ ಯಾವುದೂ ಕಟ್ಟಡದಲ್ಲಿರಬಾರದು ಎಂದು 1841ರಲ್ಲಿಯೇ ಅಚ್ಚುಹಾಕಿಸಿದ್ದ. ಚೀಡಲಿನ ಚಿನ್ನದ ನಡುವೆ ಈ ಮಾತು ನನಗೆ ನಂಬಿಕೆ ಹುಟ್ಟಿಸಿರಲಿಲ್ಲ, ಈ ಇಟ್ಟಿಗೆ ಗೋಡೆಯ ಮುಂದೆ ಒಪ್ಪಿದೆ. ಮನೆಗೊಂದು ಗೋಪುರವಿದೆ: ಆಚೆಯ ಸಮುದ್ರದಲ್ಲಿರುವ ಗುಡ್ವಿನ್ ಮರಳುದಿಬ್ಬಗಳಲ್ಲಿ ಸಿಕ್ಕಿಕೊಂಡ ಹಡಗುಗಳನ್ನು ಅಲ್ಲಿಂದ ದುರ್ಬೀನಿನಲ್ಲಿ ಕಂಡು, ಮೀನುಗಾರರನ್ನು ಕರೆದುಕೊಂಡು ತನ್ನ ದೋಣಿಯಲ್ಲಿ ಧಾವಿಸುತ್ತಿದ್ದ. ಲ್ಯಾಂಡ್‌ಮಾರ್ಕ್ ಟ್ರಸ್ಟ್ ಎಂಬ, ಹಳೆಯ ಕಟ್ಟಡಗಳನ್ನು ಉಳಿಸುವ ಸಂಸ್ಥೆ ಇದನ್ನು ದುರಸ್ತಿ ಮಾಡಿ 2006ರಿಂದ ಪ್ರವಾಸಿಗಳಿಗೆ ತಂಗಲು ಕೊಡುತ್ತಿದೆ. ಆ ದಿನ ಬೇರೊಂದು ಕುಟುಂಬ ತಂಗಿದ್ದುದರಿಂದ ನಾವು ಗೇಟಿನಿಂದಲೇ ನೋಡಿ ಸರಿದೆವು.

ಪಕ್ಕದಲ್ಲಿ ಅವನ ಸ್ವಂತ ಹಣದಲ್ಲಿ ಕಟ್ಟಿಸಿದ ಸೇಂಟ್ ಅಗಸ್ಟಿನ್ ಚರ್ಚು. ಬೇರೆಯವರ ಹಣದಲ್ಲಿ ಕಟ್ಟಿದಾಗ ತನ್ನ ಕೈ ಕಟ್ಟಿಹಾಕಿದರೆಂದು ಜೀವನವಿಡೀ ಗೊಣಗಿದವನು ಇಲ್ಲಿ ತಾನೇ ದಾನಿ, ತಾನೇ ಶಿಲ್ಪಿ. ಹೊರಗೆ ಒಡೆದ ಚಕಮಕಿ ಕಲ್ಲಿನ ಕಪ್ಪು ಗೋಡೆ. ಒಳಗೆ ಬಣ್ಣವಿಲ್ಲ, ಬೋಳು ಕಲ್ಲು. ಚೀಡಲಿನಿಂದ ಬಂದ ಕಣ್ಣಿಗೆ ಮೊದಲು ನಿರಾಸೆಯೇ. ಕುಳಿತು ನೋಡಿದ ಮೇಲೆ ಕಲ್ಲು ಎಷ್ಟು ಸಂದಿಲ್ಲದೆ ಕೂತಿದೆ, ಗೋಡೆ ಎಷ್ಟು ದಪ್ಪವಿದೆ ಎಂಬುದು ಗಮನಕ್ಕೆ ಬಂತು. ಬರ್ಮಿಂಗ್‌ಹ್ಯಾಮಿನ ಬಡಕಲು ಕಂಬಗಳನ್ನು ನಿಲ್ಲಿಸಿದವನು ಕೊನೆಗೆ ಮೈತುಂಬಿದ ಕಟ್ಟಡವನ್ನು ಕಟ್ಟಿದ್ದ. ಅದೂ ಅರ್ಧ: ನಡುಗೋಪುರ ಮೋಟಾಗಿ ನಿಂತಿದೆ, ಶಿಖರ ಇಲ್ಲಿಯೂ ಇಲ್ಲ. ಬಾಗಿಲ ಬಳಿ, ಲಂಡನ್ನಿನಲ್ಲಿ ನಡೆದ 1851ರ ಮಹಾಪ್ರದರ್ಶನದಲ್ಲಿ ಮೈಯರ್ಸ್ ಪ್ರದರ್ಶನಕ್ಕಿಟ್ಟಿದ್ದ ಕೆತ್ತನೆಯ ಜ್ಞಾನಸ್ನಾನದ ತೊಟ್ಟಿಯಿದೆ, ಅದರ ಮೇಲೆ ಗೋಪುರದಂಥ ಮರದ ಮುಚ್ಚಳ. ಮಾತೆ ಮರಿಯಳ ಗುಡಿಯ ಮುಂದೆ ಮತ್ತೊಂದು ತೆರೆ. ಹೊರಗೆ ಸಮುದ್ರದ ತೆರೆಯ ಸದ್ದು ಕೇಳುತ್ತಿತ್ತು. ಎರಡಕ್ಕೂ ಒಂದೇ ಮಾತಿರುವ ಭಾಷೆ ನಮ್ಮದೆಂದು ಆ ಕ್ಷಣ ಹೊಳೆಯಿತು.

ಪ್ಯೂಜಿನ್ ತೀರಿಕೊಂಡದ್ದು 1852ರ ಸೆಪ್ಟೆಂಬರ್ 14ರಂದು, ನಲವತ್ತನೆಯ ವಯಸ್ಸಿನಲ್ಲಿ, ಎಂಟು ಮಕ್ಕಳನ್ನು ಬಿಟ್ಟು. ಚರ್ಚಿನೊಳಗಿನ ಪುಟ್ಟ ಗುಡಿಯಲ್ಲಿ ಅವನ ಸಮಾಧಿಯ ಮೇಲೆ, ಮಗ ಎಡ್ವರ್ಡ್ ರೂಪಿಸಿದ ಮಲಗಿದ ಕಲ್ಲಿನ ಪ್ರತಿಮೆ. ನಾನು ಅದರ ಮಡಿಕೆಗಳ ಕೆತ್ತನೆಯನ್ನು ನೋಡುತ್ತಿದ್ದಾಗ ಹೆಂಡತಿ ನೆಲ ನೋಡುತ್ತಿದ್ದಳು. ಇಲ್ಲಿಯ ಬಿಲ್ಲೆಗಳ ಮೇಲೆ ಅವನ ಹೆಸರಿನ ಮೂರು ಅಕ್ಷರಗಳು, ಜೊತೆಗೆ ಒಂದು ಚಿಕ್ಕ ಹಕ್ಕಿ: ಅವನ ಮನೆತನದ ಲಾಂಛನವಾದ ಮಾರ್ಟ್‌ಲೆಟ್.

"ರೀ, ಈ ಹಕ್ಕಿಗೆ ಕಾಲೇ ಬರೆದಿಲ್ಲವಲ್ಲ, ಸವೆದುಹೋಗಿದೆಯೇ?"

ಸವೆದದ್ದಲ್ಲ, ಲಾಂಛನಗಳಲ್ಲಿ ಈ ಹಕ್ಕಿಯನ್ನು ಬರೆಯುವುದೇ ಹಾಗೆ ಎಂದೆ. ಅದು ಎಲ್ಲಿಯೂ ಕೂರುವುದಿಲ್ಲವೆಂಬ ಹಳೆಯ ನಂಬಿಕೆ. ಅವನ ಧ್ಯೇಯವಾಕ್ಯ ಫ್ರೆಂಚಿನ 'ಆನಾವಾಂ', ಅಂದರೆ ಮುಂದಕ್ಕೆ. ಅವಳು ಬಗ್ಗಿ ಬೆರಳಿನಿಂದ ಹಕ್ಕಿಯ ಹೊಟ್ಟೆಯ ಕೆಳಗೆ ಸವರಿ ನೋಡಿದಳು. ಮಣ್ಣು ನುಣುಪಾಗಿತ್ತು. ಐದೂ ಹತ್ತರ ರೈಲಿಗೆ ಇನ್ನೂ ಹೊತ್ತಿತ್ತು, ಇನ್ನೊಂದು ಸುತ್ತು ಹಾಕಿದೆವು.